ಚಪ್ಪಲಿ ಕಲ್ಲು

ಸವಳಕೊಪ್ಪದ ಕೆರೆಯ ಏರಿಗೆ ಹತ್ತಿಕೊಂಡು ಒಂದು ಬೇವಿನ ಮರ, ಮರದ ಕೆಳಗೆ ಒಂದು ತಗಡಿನ ಚಹಾದಂಗಡಿ, ಅಂಗಡಿಯ ಮುಂದೆ ಮಂಚದಷ್ಟು ಅಗಲದ ಒಂದು ಚಪ್ಪಟೆ ಕಲ್ಲು. ಮರವನ್ನು ಯಾರು ನೆಟ್ಟರೋ ಯಾರಿಗೂ ಗೊತ್ತಿಲ್ಲ. ಅಂಗಡಿ ಬದರುನ್ನಿಸಾಳದು. ಕಲ್ಲು ಮಾತ್ರ ಇಡೀ ಊರಿನದು, ಅದರ ಹೆಸರು ಚಪ್ಪಲಿ ಕಲ್ಲು. ಕೆರೆಗೆ ಇಳಿಯುವವರು ಯಾರೇ ಆಗಿರಲಿ, ಗೌಡರ ಮನೆಯ ಅಳಿಯನೇ ಇರಲಿ, ಬೀಗರೂರಿನಿಂದ ಬಂದ ಹೊಸಬರೇ ಇರಲಿ, ಕಾಲಲ್ಲಿದ್ದದ್ದನ್ನು ಆ ಕಲ್ಲಿನ ಮೇಲೆ ಬಿಟ್ಟೇ ಮೆಟ್ಟಿಲಿಗೆ ಕಾಲಿಡಬೇಕು.

ಹೊರಗಿನವರು ಇದನ್ನು ನೋಡಿ ದೇವರ ಹೊಂಡವಿರಬೇಕು ಎಂದು ಕೈ ಮುಗಿಯುತ್ತಾರೆ. ದೇವರು ಗೀವರು ಏನಿಲ್ಲ. ಇದು ಕುಡಿಯುವ ನೀರಿನ ಕೆರೆ, ಅಷ್ಟೇ. ರೋಣ, ನರಗುಂದದ ಕಡೆಯ ಕಪ್ಪು ಎರಿ ಭೂಮಿ ಜೋಳ ಕೊಡುತ್ತದೆ, ಕಡಲೆ ಕೊಡುತ್ತದೆ, ಹತ್ತಿ ಕೊಡುತ್ತದೆ. ಕುಡಿಯಲು ಒಂದು ಗುಟುಕು ಸಿಹಿನೀರು ಕೇಳಿದರೆ ಮಾತ್ರ ಮುಖ ತಿರುಗಿಸುತ್ತದೆ. ಸವಳಕೊಪ್ಪದಲ್ಲಂತೂ ಎಲ್ಲಿ ಬಾವಿ ತೋಡಿದರೂ ಸವಳು ನೀರೇ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಚಹಾಕ್ಕೆ ಹಾಲು ಹಾಕಿದರೆ ಒಡೆದು ಕೂರುತ್ತದೆ. ಅದಕ್ಕೇ ಹಿಂದಿನವರು ಮೇಲಿನ ಹೊಲಗಳಲ್ಲಿ ಬಿದ್ದ ಮಳೆಯೆಲ್ಲ ಒಂದು ಸಣ್ಣ ಹಳ್ಳ ಹಿಡಿದು ಬಂದು ಇಲ್ಲಿ ನಿಲ್ಲುವಂತೆ ಕೆರೆ ಕಟ್ಟಿದ್ದರು. ಮಳೆಗಾಲದಲ್ಲಿ ತುಂಬಿದ್ದನ್ನು ಊರೆಲ್ಲ ವರ್ಷಪೂರ್ತಿ ಕುಡಿಯಬೇಕು. ಹಾಗಿರುವಾಗ ಅದರಲ್ಲಿ ಎಮ್ಮೆ ಮೈ ತೊಳೆದರೆ, ಯಾರೋ ಸಗಣಿ ತುಳಿದ ಚಪ್ಪಲಿಯಲ್ಲಿ ಇಳಿದರೆ ನಡೆದೀತೇ?

ನಡೆಯದ ಹಾಗೆ ನೋಡಿಕೊಳ್ಳುತ್ತಿದ್ದವನು ಬದರುನ್ನಿಸಾಳ ಅಪ್ಪ ಮಹಮ್ಮದಸಾಬ. ಅವನು ಊರ ಕೆರೆಯ ಕಾವಲುಗಾರ. ಸರಕಾರದ ನೌಕರಿಯಲ್ಲ, ಊರಿನ ನೌಕರಿ. ಸುಗ್ಗಿಯಲ್ಲಿ ಮನೆಮನೆಯಿಂದ ಜೋಳ ಬರುತ್ತಿತ್ತು, ಅದೇ ಸಂಬಳ. ಬೇವಿನ ಬುಡದಲ್ಲಿ ಕಂಬಳಿ ಹಾಸಿ, ಪಕ್ಕದಲ್ಲಿ ಒಂದು ಕೋಲು ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೂ ಕೂತಿರುತ್ತಿದ್ದ. ಆ ಕೋಲಿನಿಂದ ಯಾರಿಗೂ ಒಂದು ಪೆಟ್ಟು ಬಿದ್ದದ್ದನ್ನು ಬದರುನ್ನಿಸಾ ನೋಡಿಲ್ಲ. ಕೋಲಿನ ಅಗತ್ಯವೂ ಇರಲಿಲ್ಲ, ಗಂಟಲು ಅಂಥದ್ದಿತ್ತು. "ಏ, ಚಪ್ಪಲಿ!" ಎಂದು ಅವನು ಒಮ್ಮೆ ಕೂಗಿದರೆ ಅಸೂಟಿಯ ದಾರಿಯಲ್ಲಿ ಹೋಗುವವರೂ ಒಮ್ಮೆ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಅವನು ಮಾತ್ರ ಸಾಯುವವರೆಗೆ ಚಪ್ಪಲಿ ಹಾಕಲಿಲ್ಲ. ಮಂದಿಗೆ ತೆಗೆಯಿರಿ ಅಂತ ಹೇಳಾವ ತಾನ ಹಾಕ್ಕೊಂಡು ಕೂತರ ಚಂದ ಕಾಣತೈತೇನು ಎಂದು ಕೇಳುತ್ತಿದ್ದ.

ಬದರುನ್ನಿಸಾಳಿಗೆ ಈಗ ಅರವತ್ತರ ಹತ್ತಿರ. ಒಲೆಯ ಮುಂದೆ ಕೂತು ಚಹಾ ಕುದಿಯುವುದನ್ನು ನೋಡುವಾಗ ಆ ದಿನಗಳ ಬೆಳಗು ಕಣ್ಣಿಗೆ ಕಟ್ಟುತ್ತದೆ. ಥಂಡಿಯ ದಿನಗಳಲ್ಲಿ ಕೆರೆಯ ಮೇಲೆ ತೆಳ್ಳಗೆ ಮಂಜು ಇರುತ್ತಿತ್ತು. ಸೀರೆಯ ಸೆರಗಿನಲ್ಲಿ ಕೈ ಮುಚ್ಚಿಕೊಂಡ ಹೆಂಗಸರು ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟಿ ನೀರು ಸೋಸಿ ತುಂಬುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯನ್ನು ಮೊದಲು ಕರೆತರುತ್ತಿದ್ದದ್ದು ಇಲ್ಲಿಗೇ. ಅವಳು ಮೊದಲ ಕೊಡ ತುಂಬಿ ಹೊತ್ತು ಮೆಟ್ಟಿಲು ಹತ್ತಿದರೆ ಊರಿನವಳಾದಳು. ಕಲ್ಲಿನ ಮೇಲೆ ಒಂದರ ಪಕ್ಕ ಒಂದು ಬಿಟ್ಟ ಚಪ್ಪಲಿಗಳನ್ನು ನೋಡಿಯೇ ಹುಡುಗಿ ಬದರುನ್ನಿಸಾ ಕೆಳಗೆ ಯಾರು ಯಾರಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ಎಷ್ಟು ಮಾತು, ಎಷ್ಟು ನಗು, ಎಷ್ಟು ಜಗಳ. ಮೊದಲ ಮಳೆಗೆ ಹಳ್ಳದಿಂದ ರಾಡಿ ನೀರು ಧುಮುಕಿ ಬಂದ ದಿನ ಹಣ್ಣುಕಾಯಿಯೂ ಆಗುತ್ತಿತ್ತು, ಫಾತೆಹಾದ ಸಕ್ಕರೆಯೂ ಹಂಚಿಕೆಯಾಗುತ್ತಿತ್ತು.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಅವಳು ಹೇಳುವುದಿಲ್ಲ, ನಾವೂ ಹೇಳುವುದು ಬೇಡ. ಅವಳು ತೀರ ಸಣ್ಣವಳಿದ್ದಾಗ ಕೇರಿಯ ಹೆಣ್ಣುಮಕ್ಕಳು ಏರಿಯ ಆಚೆಗೆ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಮೇಲಿನಿಂದ ಸುರಿಯಲಿ ಎಂದು ಕಾಯುತ್ತಿದ್ದರು. ಕಾಯಿಸಿದವರಿಗೆ ನಾಚಿಕೆಯೂ ಇರಲಿಲ್ಲ. ಒಂದು ದಿನ ರೋಣದಿಂದ ತಹಶೀಲ್ದಾರರು ಪೊಲೀಸರನ್ನು ಕರೆದುಕೊಂಡು ಬಂದರು, ಕಾಯಿದೆ ಏನು ಹೇಳುತ್ತದೆ ಎಂದು ಊರಿನ ಹಿರಿಯರಿಗೆ ಓದಿ ಹೇಳಿದರು. ಹಿರಿಯರು ಮೀಸೆ ತಿರುವಿಕೊಂಡು ಕೂತರು. ಮಹಮ್ಮದಸಾಬ ಎದ್ದು ನಿಂತು, "ನಾಳಿಂದ ಈ ಕೆರಿಗೆ ಒಂದ ಕಾನೂನು ಐತ್ರೀ, ಚಪ್ಪಲಿ ಬಿಟ್ಟವ್ರೆಲ್ಲಾ ಇಳೀಬೌದು" ಎಂದ. ಮರುದಿನ ಕೇರಿಯ ಮುದುಕಿ ಶಂಕ್ರವ್ವ ನಡುಗುವ ಕಾಲಿನಿಂದ ಮೆಟ್ಟಿಲು ಇಳಿದಾಗ ಅವನು ಅವಳ ಹಿಂದೆಯೇ ನಿಂತಿದ್ದ. ಕಾಯಿದೆ ಎಂಬ ಮಾತನ್ನು ಬದರುನ್ನಿಸಾ ಮೊದಲು ಕೇಳಿದ್ದು ಆವತ್ತು.

ಇನ್ನು ಹಾಲೇಶನ ವಿಷಯ. ಅವನನ್ನು ಬಿಟ್ಟರೆ ಈ ಕಥೆಯೇ ಇಲ್ಲ.

ಹಾಲೇಶ ಅವಳಿಗಿಂತ ಮೂರ್ನಾಲ್ಕು ವರ್ಷ ಸಣ್ಣವನು, ಪಕ್ಕದ ಓಣಿಯವನು. ಅವನು ಸಾಲೆಗೆ ಹೋಗುತ್ತಿದ್ದ ಕಾಲಕ್ಕೆ ಸೋದರಮಾವ ಗಜೇಂದ್ರಗಡದ ಪ್ಯಾಟಿಯಿಂದ ಒಂದು ಜೊತೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ತಂದುಕೊಟ್ಟ. ಓಣಿಯಲ್ಲಿ ಮಕ್ಕಳ ಕಾಲಿಗೆ ಬಂದ ಮೊದಲ ಚಪ್ಪಲಿ ಅದು. ಹಾಲೇಶ ಅದನ್ನು ಹಾಕಿಕೊಂಡೇ ಮಲಗಿದನಂತೆ. ಮರುದಿನ ಕೆರೆಗೆ ಬಂದವನಿಗೆ ಪೇಚಾಟ. ಕಲ್ಲಿನ ಮೇಲೆ ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋದರೆ? ಅತ್ತ ಇತ್ತ ನೋಡಿದ, ಚಪ್ಪಲಿಯ ಸಮೇತ ದಡದಡ ಇಳಿದುಬಿಟ್ಟ. ನೀರಿಗೆ ಇನ್ನೂ ಎರಡು ಮೆಟ್ಟಿಲು ಇದ್ದಾಗ ಮೇಲಿನಿಂದ ಆ ಗಂಟಲು ಕೇಳಿಸಿತು. ಹುಡುಗ ಹೆದರಿ ಅಲ್ಲಿಯೇ ಕೂತು ಚಡ್ಡಿ ಒದ್ದೆ ಮಾಡಿಕೊಂಡ.

ಕೆರೆಯ ಕಟ್ಟಳೆ ಮುರಿದವರಿಗೆ ದಂಡವಿತ್ತು. ರೊಕ್ಕವಲ್ಲ, ಹೂಳಿನ ಬುಟ್ಟಿ. ಬೇಸಿಗೆಯಲ್ಲಿ ನೀರು ಇಳಿದಾಗ ಊರವರೆಲ್ಲ ಸೇರಿ ಕೆರೆಯ ಹೂಳು ಎತ್ತುತ್ತಿದ್ದರು. ತಪ್ಪು ಮಾಡಿದವರು ಎಲ್ಲರಿಗಿಂತ ಹತ್ತು ಬುಟ್ಟಿ ಹೆಚ್ಚಿಗೆ ಹೊರಬೇಕು. ಸಣ್ಣ ಹುಡುಗ ಎಂದು ಬಿಡುವ ಪದ್ಧತಿ ಇರಲಿಲ್ಲ. ಹಾಲೇಶ ಅಳುತ್ತ ಸಾಲಿನಲ್ಲಿ ನಿಂತ. ಬುಟ್ಟಿ ಎತ್ತಿಕೊಡುತ್ತಿದ್ದ ಮಹಮ್ಮದಸಾಬ ಅವನ ಸರದಿ ಬಂದಾಗ ಮಂದಿಗೆ ಬೆನ್ನು ಮಾಡಿ ನಿಂತು, ಎರಡೂ ಕೈಯಿಂದ ಅರ್ಧ ಹೂಳನ್ನು ಕೆಳಗೆ ಸುರಿದು, ಉಳಿದರ್ಧವನ್ನು ಹುಡುಗನ ತಲೆಗೆ ಏರಿಸಿದ. ಪಕ್ಕದಲ್ಲೇ ಇದ್ದ ಬದರುನ್ನಿಸಾ ನೋಡಿದಳು. ಅಪ್ಪ ಅವಳತ್ತ ಕಣ್ಣು ಬಿಟ್ಟ, ಸುಮ್ಮನಿರು ಎಂಬಂತೆ. ಹಾಗೆ ನಾಲ್ಕೈದು ಬುಟ್ಟಿ ಆಗಿರಬೇಕು, ಅಷ್ಟರಲ್ಲಿ ಆ ಸೋದರಮಾವ ಬಂದು ಹುಡುಗನನ್ನು ರಜೆಗೆಂದು ಗಜೇಂದ್ರಗಡಕ್ಕೆ ಕರೆದುಕೊಂಡು ಹೋದ. ಉಳಿದ ಬುಟ್ಟಿ ಉಳಿದೇ ಹೋದವು.

ಕಾಲ ಯಾರಿಗಾಗಿಯೂ ನಿಲ್ಲಲಿಲ್ಲ. ಮಹಮ್ಮದಸಾಬ ಹೋದ. ಕಾವಲಿಗೆ ಜೋಳ ಕೊಡುವ ಪದ್ಧತಿಯೂ ಹೋಯಿತು. ಗಂಡ ತೀರಿಕೊಂಡ ಮೇಲೆ ಬದರುನ್ನಿಸಾ ಪಂಚಾಯ್ತಿಯ ಪರವಾನಗಿ ತೆಗೆದುಕೊಂಡು ಅಪ್ಪ ಕೂರುತ್ತಿದ್ದ ಜಾಗದಲ್ಲೇ ಚಹಾದಂಗಡಿ ಹಾಕಿದಳು. ಅವಳ ಚಹಾ ಕುಡಿಯಲು ಹೊಳೆಆಲೂರಿನ ರೈಲು ಹಿಡಿಯುವವರೂ ಗಾಡಿ ನಿಲ್ಲಿಸುತ್ತಿದ್ದರು. ಗುಟ್ಟೇನಿಲ್ಲ, ಕೆರೆಯ ನೀರು. ಆಮೇಲೆ ಮನೆಮನೆಗೆ ನಳ ಬಂತು, ನಳದಲ್ಲಿ ಮಲಪ್ರಭೆ ಬಂದಳು. ಬಸ್‌ಸ್ಟ್ಯಾಂಡಿನ ಹತ್ತಿರ ಶುದ್ಧ ನೀರಿನ ಘಟಕವೂ ಬಂತು. ಒಳ್ಳೆಯದೇ ಆಯಿತು, ಹೆಂಗಸರ ಸೊಂಟ ಉಳಿಯಿತು. ಕೆರೆಗೆ ಬರುವ ಕೊಡಗಳು ಕಡಿಮೆಯಾದವು, ಹೂಳೆತ್ತುವುದು ನಿಂತಿತು. ಆದರೂ ನಳ ಕೈಕೊಟ್ಟ ದಿನ ಮತ್ತು ಬೇಳೆ ಬೇಯಿಸುವ ಹೊತ್ತಿಗೆ ಒಂದು ಕೊಡ ಇಲ್ಲಿಂದಲೇ. ಬದರುನ್ನಿಸಾ ಮಾತ್ರ ಚಹಾ ಸೋಸುತ್ತಲೇ ಅಪ್ಪನ ಗಂಟಲಿನಲ್ಲಿ "ಏ, ಚಪ್ಪಲಿ!" ಎಂದು ಕೂಗುವುದನ್ನು ಬಿಡಲಿಲ್ಲ.

ಹಾಲೇಶನೂ ಬೆಳೆದ. ಬಿಳಿ ಅಂಗಿ, ಬಿಳಿ ಬೂಟು, ಕೈಯಲ್ಲಿ ಎರಡು ಮೊಬೈಲು. ಊರ ಮುಂದಿನ ರಸ್ತೆ ಅಗಲವಾದಾಗ ಯಾವುದೋ ಲೇಔಟ್ ಕಂಪನಿ ಕೆರೆಯ ಮೇಲಿನ ಹೊಲಗಳನ್ನು ಕೊಂಡಿತು. ಅದಕ್ಕೆ ಊರಿನ ಏಜೆಂಟ ಅವನೇ. ಹೊಲ ಮಾರುವುದು ಮಾರುವವರ ಹಕ್ಕು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಆದರೆ ಕೆರೆಗೆ ನೀರು ತರುವ ಹಳ್ಳ ಆ ಹೊಲಗಳ ನಡುವೆಯೇ ಹಾದು ಬರಬೇಕು. ಒಂದು ಬೆಳಿಗ್ಗೆ ಜೆಸಿಬಿ ಬಂದು ಹಳ್ಳದ ಬಾಯಿಗೆ ಮಣ್ಣು ತಳ್ಳತೊಡಗಿತು. ಕೆರೆ ಸತ್ತು ಭಾಳ ದಿನ ಆಯಿತು, ಅದೊಂದು ಹಾಳು ತಗ್ಗು, ಮುಚ್ಚಿ ಮಟ್ಟ ಮಾಡಿ ಉದ್ಯಾನ ಮಾಡಿಕೊಡುತ್ತೇವೆ ಎಂದು ಕಂಪನಿಯವರು ಹೇಳಿದರು. ಬದರುನ್ನಿಸಾ ಒಲೆ ಆರಿಸದೆ ಓಡಿದಳು.

"ಹಾಲ್ಯಾ, ಹಳ್ಳಾ ಮುಚ್ಚಿದ್ರ ಕೆರಿ ಸಾಯತೈತೋ. ನಿನಗ ತಿಳಿಯೂದಿಲ್ಲೇನು?"

"ಅಕ್ಕಾ, ಮನ್ಯಾಗ ನಳ ಐತಿ. ಯಾರ್ ಕುಡೀತಾರ ಈ ನೀರು? ನಿಂದೊಂದು ಅಂಗಡಿ ಅಷ್ಟ. ಅದನ್ನ ಲೇಔಟ್ ಗೇಟಿನ ಮುಂದ ಹಾಕ್ಕೊಡಸ್ತೇನಿ, ಚಿಂತಿ ಬಿಡು" ಎಂದ ಅವನು. ಅವಳ ಮುಖ ಮಾತ್ರ ನೋಡಲಿಲ್ಲ.

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಅಂಗಡಿ ಹೋದರೆ ಹೋಗಲಿ, ಬೇರೆ ಕಡೆ ಒಲೆ ಹೂಡಬಹುದು. ಆದರೆ ಅಪ್ಪ ಜೀವಮಾನವಿಡೀ ಬರಿಗಾಲಲ್ಲಿ ಕಾಯ್ದ ನೀರು ತನ್ನ ಕಣ್ಣೆದುರಿಗೆ ಮಣ್ಣಾದರೆ ಯಾವ ಮುಖ ಇಟ್ಟುಕೊಂಡು ಬದುಕುವುದು? ಮರುದಿನ ಮೊದಲ ಬಸ್ಸಿಗೆ ಊರಿನ ನಾಲ್ಕು ಮಂದಿಯನ್ನು ಕಟ್ಟಿಕೊಂಡು ರೋಣಕ್ಕೆ ಹೋದಳು. ಅಲ್ಲಿ ಮಹೇಶ್ವರಿ ಎಂಬ ವಕೀಲೆ ಇದ್ದಳು. ಹಿಂದೆ ಏರಿಯ ಆಚೆಗೆ ಕೊಡ ಇಟ್ಟು ಕಾಯುತ್ತಿದ್ದ ಶಂಕ್ರವ್ವನ ಮೊಮ್ಮಗಳು. ಕಪ್ಪು ಕೋಟಿನಲ್ಲಿ ಅವಳನ್ನು ನೋಡಿ ಬದರುನ್ನಿಸಾಳಿಗೆ ಒಂದು ಕ್ಷಣ ಬಂದ ಕೆಲಸವೇ ಮರೆತುಹೋಯಿತು.

ಮಹೇಶ್ವರಿ ಎಲ್ಲ ಕೇಳಿಕೊಂಡಳು. "ಅಮ್ಮಾ, ಕೆರಿ ಯಾರ ಆಸ್ತಿನೂ ಅಲ್ಲ. ಊರಂದು. ಊರಿನವ್ರು ಎಲ್ಲಾರ ಪರವಾಗಿ ನಾಲ್ಕು ಮಂದಿ ಕೋರ್ಟಿಗೆ ಬಂದು ಕೇಳಾಕ ಕಾಯ್ದೆದಾಗ ಅವಕಾಶ ಐತಿ. ನೀರು ಬರೂ ಹಾದೀನೂ ಕೆರೀ ಭಾಗನ. ಅದನ್ನ ಮುಚ್ಚಾಕ ಯಾರಿಗೂ ಹಕ್ಕಿಲ್ಲ" ಎಂದಳು.

"ಅಷ್ಟ ಸಸಾರ ಐತೇನವಾ ವಕೀಲವ್ವ?"

"ಸಸಾರ ಇಲ್ಲ. ಆದ್ರ ದಾರಿ ಐತಿ."

ವಾರದೊಳಗೆ ತಡೆಯಾಜ್ಞೆ ಬಂತು. ಮಹೇಶ್ವರಿಯೇ ಅದನ್ನು ಹಿಡಿದುಕೊಂಡು ಹಳ್ಳದ ಬಾಯಿಗೆ ಬಂದಳು. ಜೆಸಿಬಿಯವನು ಒಮ್ಮೆ ಓದಿದ, ಹಾಲೇಶನಿಗೆ ಫೋನು ಮಾಡಿದ, ಎಂಜಿನ್ ಆರಿಸಿ ಇಳಿದು ಬಂದು ಬದರುನ್ನಿಸಾಳ ಅಂಗಡಿಯಲ್ಲಿ ಚಹಾ ಕುಡಿದ. ಅಷ್ಟು ದೊಡ್ಡ ಯಂತ್ರ ಅಷ್ಟು ತೆಳ್ಳನೆಯ ಕಾಗದಕ್ಕೆ ಸುಮ್ಮನಾದದ್ದನ್ನು ನೋಡಿ ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆದರೆ ಅದು ತಾತ್ಕಾಲಿಕ. ಕಂಪನಿ ಹುಬ್ಬಳ್ಳಿಯಿಂದ ದೊಡ್ಡ ವಕೀಲರನ್ನು ತಂದಿತು. ದಾಖಲೆಯಲ್ಲಿ ಕೆರೆ ಎಂದು ಇರಬಹುದು, ನೆಲದ ಮೇಲೆ ಕೆರೆ ಎಲ್ಲಿದೆ? ಆ ನೀರನ್ನು ಯಾರೂ ಬಳಸುವುದಿಲ್ಲ ಎಂದು ಅವರು ವಾದ ಹೂಡಿದರು. ಜಡ್ಜಸಾಹೇಬರು ಎರಡೂ ಕಡೆಯ ಮಾತು ಕೇಳಿ, ಹಾಗಾದರೆ ನೋಡಿಯೇ ಬಿಡೋಣ ಎಂದು ಮಲ್ಲೇಶಪ್ಪ ಎಂಬ ಹಿರಿಯ ವಕೀಲರನ್ನು ಕಮಿಷನರ್ ಎಂದು ನೇಮಿಸಿದರು. ಕಮಿಷನರ್ ಎಂದರೆ ಕೋರ್ಟಿನ ಕಣ್ಣು ಇದ್ದ ಹಾಗೆ. ಜಾಗಕ್ಕೆ ಬಂದು, ಎರಡೂ ಕಡೆಯವರ ಎದುರಿಗೆ ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆದು ಕೋರ್ಟಿಗೆ ಕೊಡುವುದು ಅವರ ಕೆಲಸ. ಕೆರೆ ಬದುಕಿದೆಯೋ ಸತ್ತಿದೆಯೋ ಎನ್ನುವುದು ಆ ವರದಿಯ ಮೇಲೆ ನಿಂತಿತ್ತು.

ಹಿಂದಿನ ಸಂಜೆ ಮಹೇಶ್ವರಿ ಬೇವಿನ ಬುಡದಲ್ಲಿ ಎಲ್ಲರನ್ನೂ ಕೂರಿಸಿ ಒಂದೇ ಮಾತು ಹೇಳಿದಳು. "ನಾಳೆ ಯಾರೂ ನಾಟಕ ಮಾಡಬ್ಯಾಡ್ರಿ. ದಿನಾ ಹ್ಯಾಂಗ ಇರ್ತೀರೋ ಹಾಂಗ ಇರ್ರಿ. ಸಾಕು."

ಎಲ್ಲರೂ ತಲೆಯಾಡಿಸಿದರು. ನಮ್ಮ ಮಂದಿಗೆ ಅದೊಂದನ್ನು ಬಿಟ್ಟು ಏನು ಬೇಕಾದರೂ ಹೇಳಬಹುದು. ಊರಿಗೆ ದೊಡ್ಡವರು ಬರುತ್ತಾರೆ ಎಂದರೆ ದಿನದ ಹಾಗೆ ಇರುವುದುಂಟೆ? ಬೆಳಗಾಗುವಷ್ಟರಲ್ಲಿ ಏರಿಗೆ ನೀರು ಚಿಮುಕಿಸಿದ್ದರು, ಪಂಚಾಯ್ತಿಯ ಕುರ್ಚಿಗಳು ಬಂದಿದ್ದವು, ಯಾರೋ ಹಾರವನ್ನೂ ತಂದಿದ್ದರು. ಬದರುನ್ನಿಸಾ ಅಂಗಡಿಯ ತಗಡು ತೊಳೆದಳು, ಹೊಸ ಗ್ಲಾಸು ತೆಗೆದಳು. ಅದೂ ಸಾಲದೆಂದು ಒಂದು ದೊಡ್ಡ ಕೆಲಸ ಮಾಡಿದಳು. ಮಗ ಅಕ್ರಮ್‌ನನ್ನು ಬಸ್‌ಸ್ಟ್ಯಾಂಡಿಗೆ ಓಡಿಸಿ ಬಾಟಲಿ ನೀರು ತರಿಸಿದಳು.

ಬಿಸಿಲು ಏರುತ್ತಿದ್ದಂತೆ ಕಾರುಗಳು ಬಂದವು. ಮಲ್ಲೇಶಪ್ಪನವರು ಇಳಿದರು, ಸಣ್ಣ ಗಾತ್ರದ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಕಂಪನಿಯ ವಕೀಲರು ಮಿರಿಮಿರಿ ಮಿಂಚುವ ಬೂಟಿನಲ್ಲಿ ಇಳಿದರು. ಹಿಂದಿನಿಂದ ಹಾಲೇಶ. ಕಮಿಷನರ್ ಸಾಹೇಬರು ಹಾರವನ್ನು ಕೈಯಿಂದಲೇ ತಡೆದು ಕುರ್ಚಿಯ ಮೇಲೆ ಕೂತು ಬೆವರು ಒರೆಸಿಕೊಂಡರು. ಬದರುನ್ನಿಸಾ ಸೆರಗು ತಲೆಗೆ ಹೊದ್ದು, ತಟ್ಟೆಯಲ್ಲಿ ಬಾಟಲಿಗಳನ್ನು ಜೋಡಿಸಿಕೊಂಡು ಬಂದಳು.

"ನೀರು ತಗೋರಿ ಸಾಹೇಬ್ರ. ಬಿಸಲಾಗ ಬಂದೀರಿ."

ಮಹೇಶ್ವರಿಯ ಮುಖ ಬಿಳಿಚಿಕೊಂಡಿತು. ಯಾಕೆಂದು ಬದರುನ್ನಿಸಾಳಿಗೆ ತಿಳಿಯುವ ಮೊದಲೇ ಹುಬ್ಬಳ್ಳಿಯ ವಕೀಲರು ಎದ್ದು ನಿಂತಿದ್ದರು.

"ಸರ್, ದಯವಿಟ್ಟು ಇದನ್ನು ಬರೆದುಕೊಳ್ಳಿ. ಕೆರೆಯ ದಂಡೆಯ ಮೇಲೆ ಅಂಗಡಿ ಇಟ್ಟವರೇ ಅತಿಥಿಗಳಿಗೆ ಕೆರೆಯ ನೀರು ಕೊಡುವುದಿಲ್ಲ. ಬಾಟಲಿ ತರಿಸುತ್ತಾರೆ. ನಾವು ಬೇರೆ ಏನು ಹೇಳಬೇಕು?"

ಮಲ್ಲೇಶಪ್ಪನವರು ಬಾಟಲಿ ನೋಡಿದರು, ಅವಳನ್ನು ನೋಡಿದರು, ಬರೆದುಕೊಂಡರು.

"ಸಾಹೇಬ್ರ, ದೊಡ್ಡವ್ರು ಬಂದೀರಿ ಅಂತ ತರಿಸಿದ್ದರೀ. ನಾವು ಇದ ನೀರು ಕುಡಿಯೂದು. ಚಹಾನೂ ಇದ ನೀರಿಂದು, ಖರೇ ಹೇಳತೇನ್ರಿ."

"ಕುದಿಸಿದ ಮೇಲೆ ಯಾವ ನೀರಾದರೇನು?" ಎಂದರು ವಕೀಲರು ನಗುತ್ತ.

ಅವಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಅತಿಥಿಗೆ ಒಳ್ಳೆಯದನ್ನು ಕೊಡಬೇಕೆಂದು ಹೋಗಿ ತನ್ನ ಕೈಯಿಂದಲೇ ಕೆರೆಗೆ ವಿಷ ಹಾಕಿದ ಹಾಗಾಯಿತಲ್ಲ. ಅಪ್ಪ ಇದ್ದಿದ್ದರೆ ಏನು ಅನ್ನುತ್ತಿದ್ದ? ಊರಿನವರು ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಅವಳು ಒಲೆಯ ಪಕ್ಕಕ್ಕೆ ಹೋಗಿ ಕಂಬ ಹಿಡಿದು ನಿಂತುಬಿಟ್ಟಳು.

"ಇರಲಿ. ಕೆರೀ ನೋಡೂಣು ನಡೀರಿ" ಎಂದು ಮಲ್ಲೇಶಪ್ಪನವರು ಎದ್ದರು.

ಹಾಲೇಶ ಮುಂದಾದ. ಅವನಿಗೆ ಆವತ್ತು ತುಂಬ ಹುರುಪು. ಕೈ ಬೀಸಿ ಬೀಸಿ ಹೇಳುತ್ತ ನಡೆದ. "ಬರ್ರಿ ಸರ್, ನೋಡ್ರಿ. ಅರ್ಧ ಹೂಳ ತುಂಬೈತಿ. ಮೆಟ್ಟಿಲು ಬಿರುಕು ಬಿಟ್ಟಾವು. ಯಾರೂ ಬರಂಗಿಲ್ರಿ ಇಲ್ಲಿ. ಒಂದ ಎಮ್ಮಿ ಸೈತ ಇಳಿಯೂದಿಲ್ಲ ಅಂದ್ರ ತಿಳ್ಕೋರಿ, ಎಂಥಾ ಹಾಳ ಜಾಗ ಇರಬೇಕು."

ಎಮ್ಮೆ ಯಾಕೆ ಇಳಿಯುವುದಿಲ್ಲ ಎಂದು ಊರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ಹೇಳುವ ಬಾಯಿಗಳೆಲ್ಲ ಆ ಹೊತ್ತಿನಲ್ಲಿ ಕಟ್ಟಿಹೋಗಿದ್ದವು. ಹಾಲೇಶ ಮಾತಾಡುತ್ತ ಮಾತಾಡುತ್ತ ಚಪ್ಪಲಿ ಕಲ್ಲಿನ ಹತ್ತಿರ ಬಂದ. ಇನ್ನೂ ಹಾಳು ತಗ್ಗಿನ ವರ್ಣನೆಯನ್ನು ಮಾಡುತ್ತಲೇ ಬಗ್ಗಿ, ಒಂದು ಕೈಯಿಂದ ಎಡಗಾಲಿನ ಬೂಟು ಎಳೆದ, ಇನ್ನೊಂದರಿಂದ ಬಲಗಾಲಿನದನ್ನು ಎಳೆದ, ಕಾಲುಚೀಲ ಅದರೊಳಗೆ ತುರುಕಿದ, ಎರಡನ್ನೂ ಕಲ್ಲಿನ ಮೇಲೆ ಜೋಡಿಸಿ ಇಟ್ಟು ಬರಿಗಾಲಲ್ಲಿ ಮೆಟ್ಟಿಲು ಇಳಿಯತೊಡಗಿದ. ಕಾದ ಕಲ್ಲಿಗೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದ. ತಾನೇನು ಮಾಡಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಮಲ್ಲೇಶಪ್ಪನವರು ನಿಂತರು. ಕಲ್ಲಿನ ಮೇಲಿನ ಬಿಳಿ ಬೂಟುಗಳನ್ನು ಕನ್ನಡಕದ ಮೇಲಿನಿಂದ ನೋಡಿದರು. ಕಲ್ಲಿನ ಅಂಚಿಗೆ ಕೂತು ತಮ್ಮ ಲೇಸು ಬಿಚ್ಚತೊಡಗಿದರು. ಹುಬ್ಬಳ್ಳಿಯ ವಕೀಲರಿಗೆ ಅದೆಲ್ಲ ಕಾಣಲಿಲ್ಲ. ಅವರು ಫೋನಿನಲ್ಲಿ ಕೆರೆಯ ಫೋಟೋ ತೆಗೆಯುತ್ತ, ಮಿಂಚುವ ಬೂಟಿನಲ್ಲೇ ಟಕಟಕ ಇಳಿದರು. ಒಂದು ಮೆಟ್ಟಿಲು, ಎರಡು, ಮೂರು. ಏರಿಯ ಮೇಲಿದ್ದ ಊರಿಗೆ ಊರೇ ಉಸಿರು ಒಳಗೆ ಎಳೆದುಕೊಂಡಿತು. ಬದರುನ್ನಿಸಾ ಬಾಯಿ ತೆರೆದಳು. ಅವಳಿಗಿಂತ ಮೊದಲು ಕೆಳಗಿನಿಂದ ಕೂಗು ಬಂತು.

"ಏ ಏ ವಕೀಲ್ರ! ಬೂಟು! ಬೂಟು ತಗೀರಿ ಮೊದಲ! ಕುಡಿಯೂ ನೀರೈತ್ರೀ ಅದು!"

ಕೂಗಿದವನು ಹಾಲೇಶ. ಆ ಗಂಟಲನ್ನು ಕೇಳಿ ಬದರುನ್ನಿಸಾಳ ಮೈ ಜುಂ ಎಂದಿತು. ಅವಳ ಅಪ್ಪನದೇ ಕೂಗು ಅದು.

ವಕೀಲರು ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತರು. ಬರಿಗಾಲಾಗಿ ಇಳಿದು ಬಂದ ಮಲ್ಲೇಶಪ್ಪನವರು ನಿಧಾನವಾಗಿ ಕೇಳಿದರು. "ಹಾಲೇಶಪ್ಪಾರ, ಏನಂದ್ರಿ? ಇನ್ನೊಮ್ಮೆ ಹೇಳ್ರಿ."

ಹಾಲೇಶ ತನ್ನ ಕಾಲು ನೋಡಿಕೊಂಡ. ಮೇಲೆ ಕಲ್ಲಿನ ಮೇಲಿದ್ದ ಬೂಟು ನೋಡಿದ. ಆಮೇಲೆ ಅವನ ಕಣ್ಣು ಬೇವಿನ ಬುಡಕ್ಕೆ ಹೋಯಿತು. ಅಲ್ಲಿ ಬದರುನ್ನಿಸಾ ಕಂಬ ಹಿಡಿದು ನಿಂತಿದ್ದಳು. ಸುಳ್ಳು ಹೇಳಲು ಅವನಿಗೆ ಬೇಕಾದಷ್ಟು ಹೊತ್ತಿತ್ತು. ವಕೀಲರು ಕಣ್ಣಿನಲ್ಲೇ ದಾರಿಯನ್ನೂ ತೋರಿಸುತ್ತಿದ್ದರು.

"ಕುಡಿಯೂ ನೀರು ಅಂದೇರಿ."

"ಯಾರು ಕುಡೀತಾರ?"

"ಎಲ್ಲಾರೂ... ನಳಾ ಬರದಾಗ ಎಲ್ಲಾರೂ ಒಯ್ತಾರ್ರಿ. ನಮ್ಮ ಮನ್ಯಾಗೂ ಬ್ಯಾಳಿಗೆ ಇದ ನೀರ ಬೇಕ್ರಿ. ನನ್ನ ಹೆಂಡ್ತಿ ದಿನಾ ಒಂದು ಕೊಡಾ ಒಯ್ತಾಳ."

ಕಂಪನಿಯ ವಕೀಲರು ಆಕ್ಷೇಪ ಎಂದು ಶುರು ಮಾಡಿದರು. "ಆಕ್ಷೇಪಣೆನೂ ಬರ್ಕೋತೇನಿ. ಮೊದಲ ನೀವು ಬೂಟು ತಗೀರಿ" ಎಂದರು ಮಲ್ಲೇಶಪ್ಪನವರು. ಏರಿಯ ಮೇಲಿನವರು ಆಗ ನಕ್ಕರು ನೋಡಿ, ಕೆರೆಯ ನೀರಿಗೂ ಕೇಳಿಸಿರಬೇಕು. ಎಲ್ಲ ನೋಡಿ, ಅಳೆದು, ಹಳ್ಳದ ಬಾಯಿಗೂ ಹೋಗಿ ಬಂದ ಮೇಲೆ ಕಮಿಷನರ್ ಸಾಹೇಬರು ಅಂಗಡಿಯ ಮುಂದೆ ಬಂದು ನಿಂತರು. ಬಾಟಲಿಗಳು ಇನ್ನೂ ಮುಚ್ಚಳ ತೆರೆಯದೆ ಹಾಗೇ ಇದ್ದವು. ಅವರು ಮಣ್ಣಿನ ಗಡಿಗೆ ತೋರಿಸಿ, "ಅದರಾಗಿಂದು ಕೊಡವಾ" ಎಂದರು. ಬದರುನ್ನಿಸಾ ಕೊಟ್ಟಳು. ಅವರು ಗಟಗಟ ಕುಡಿದು ಇನ್ನೊಂದು ಗ್ಲಾಸು ಕೇಳಿದರು.

ಕೋರ್ಟಿನ ಕೆಲಸ ಚಹಾ ಕುದಿಸಿದ ಹಾಗೆ ಲಗೂ ಆಗುವುದಲ್ಲ. ಒಂದು ಮಳೆಗಾಲ ಕಳೆಯಿತು, ಮತ್ತೆ ಥಂಡಿ ಬಂತು. ಕಡೆಗೆ ಒಂದು ದಿನ ಮಹೇಶ್ವರಿ ಬಸ್ಸಿನಿಂದ ಇಳಿದವಳೇ ಅಂಗಡಿಗೆ ಬಂದು ತೀರ್ಪು ಓದಿ ಹೇಳಿದಳು. ಕೆರೆ ಊರಿನದು, ಬಳಕೆಯಲ್ಲಿದೆ. ನೀರು ಬರುವ ಹಳ್ಳವನ್ನು ಯಾರೂ ಮುಚ್ಚುವಂತಿಲ್ಲ. ಸರ್ವೆ ಮಾಡಿ ಗಡಿಕಲ್ಲು ನೆಡಬೇಕು. ಲೇಔಟ್ ಬೇಕಾದರೆ ಹಳ್ಳಕ್ಕೆ ಜಾಗ ಬಿಟ್ಟು ಮಾಡಿಕೊಳ್ಳಲಿ. ಕಮಿಷನರ್ ವರದಿಯಲ್ಲಿ ಬೂಟಿನ ಮಾತೂ ಇತ್ತು, ಬಾಟಲಿಯ ಮಾತೂ ಇತ್ತು. ಬಾಟಲಿಯ ಮಾತು ಓದುವಾಗ ಮಹೇಶ್ವರಿ ಓರೆಗಣ್ಣಿನಿಂದ ನೋಡಿ ನಕ್ಕಳು, ಬದರುನ್ನಿಸಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಇಬ್ಬರೂ ಎದ್ದು ಹೋಗಿ, ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು, ಕೊನೆಯ ಮೆಟ್ಟಿಲಿನ ಮೇಲೆ ಬಹಳ ಹೊತ್ತು ಕೂತರು. ಶಂಕ್ರವ್ವನನ್ನೂ ಮಹಮ್ಮದಸಾಬನನ್ನೂ ನೆನೆದರು.

ಹಾಲೇಶನ ಏಜೆಂಟಗಿರಿ ಕಮಿಷನರ್ ಬಂದು ಹೋದ ದಿನವೇ ಹೋಗಿತ್ತು. ಅವನು ಬೂಟು ಬಿಟ್ಟು ಮತ್ತೆ ಚಪ್ಪಲಿಗೆ ಬಂದಿದ್ದ. ಅಪ್ಪನ ಹೊಲದಲ್ಲಿ ಕಡಲೆ ಹಾಕಿದ್ದ. ಅಂಗಡಿಯ ಮುಂದೆ ಹಾಯಬೇಕಾದರೆ ತಲೆ ತಗ್ಗಿಸಿಕೊಂಡು ಆಚೆ ದಂಡೆಯಿಂದ ಹೋಗುತ್ತಿದ್ದ. ಊರಿನವರು ಒಂದಿಷ್ಟು ಕಾಡಿದರು, ಆಮೇಲೆ ಬಿಟ್ಟರು. ಬದರುನ್ನಿಸಾ ಕರೆಯಲಿಲ್ಲ. ಸಿಟ್ಟು ಹೋಗಿತ್ತು, ಆದರೆ ಜೆಸಿಬಿಯ ಮುಂದೆ ನಿಂತು ತನ್ನ ಮುಖ ನೋಡದೆ ಮಾತಾಡಿದ್ದು ಮಾತ್ರ ಹೋಗಿರಲಿಲ್ಲ.

ಬೇಸಿಗೆ ಬಂತು, ಕೆರೆಯ ನೀರು ತಳ ಹಿಡಿಯಿತು. ಎಷ್ಟೋ ವರ್ಷಗಳ ಮೇಲೆ ಊರು ಹೂಳೆತ್ತಲು ನಿಂತಿತು. ಗಂಡಸರು ಕಡಿದರು, ಹೆಂಗಸರು ತುಂಬಿದರು, ಸಾಲು ಮೆಟ್ಟಿಲಿನಿಂದ ಏರಿಯವರೆಗೆ ಇತ್ತು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಬುಟ್ಟಿ ಎತ್ತಿಕೊಡುವ ಕೆಲಸ ಬದರುನ್ನಿಸಾಳದು. ಎಲ್ಲರ ಸರದಿ ಮುಗಿದು ಜನ ಚಹಾಕ್ಕೆಂದು ಮೇಲೆ ಹತ್ತಿದ ಮೇಲೂ ಒಬ್ಬ ಅಲ್ಲೇ ನಿಂತಿದ್ದ. ಬರಿಗಾಲು, ತಲೆಗೆ ಟವೆಲಿನ ಸಿಂಬಿ.

"ಎಲ್ಲಾರದೂ ಆತಲ್ಲೋ. ನೀ ಯಾಕ ನಿಂತೀ?"

"ನಂದು ಬಾಕಿ ಅದಾವಕ್ಕಾ." ಹಾಲೇಶ ನೆಲ ನೋಡುತ್ತ ಅಂದ. "ಹವಾಯಿ ಚಪ್ಪಲಿದು. ಮಾವ ಬಂದು ಕರ್ಕೊಂಡು ಹೋದ. ಉಳಿದಿದ್ದು ಹೊತ್ತ ಇಲ್ಲ."

ಅವಳು ಅವನನ್ನೇ ನೋಡಿದಳು. ತಲೆಯ ತುಂಬ ಬಿಳಿ ಕೂದಲು, ಮುಖದ ಮೇಲೆ ಮಾತ್ರ ಚಡ್ಡಿ ಒದ್ದೆ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತ ಆ ಹುಡುಗನೇ.

"ಆವತ್ತು ಯಾಕ ಕೂಗಿದೆಲೇ, ವಕೀಲ್ರಿಗೆ?"

"ಬಾಯಿಗೆ ಎಲ್ಲಾ ಹೇಳಿಕೊಟ್ಟಿದ್ರು ಅಕ್ಕಾ, ಏನ್ ಅನ್ನಬೇಕು, ಏನ್ ಅನ್ನಬಾರದು ಅಂತ. ಕಾಲಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ."

ಬದರುನ್ನಿಸಾ ಬುಟ್ಟಿ ತುಂಬಿದಳು. ಹಸಿ ಹೂಳು, ಅಂಚಿನವರೆಗೆ ಬಂತು. ಹಾಲೇಶ ಬಗ್ಗಿ ತಲೆ ಕೊಟ್ಟ. "ತಡಿ" ಎಂದಳು ಅವಳು. ಮೇಲಿನ ಜನಕ್ಕೆ ಬೆನ್ನು ಮಾಡಿ ನಿಂತು, ಎರಡೂ ಕೈಯಿಂದ ಅರ್ಧ ಹೂಳನ್ನು ಕೆಳಗೆ ಸುರಿದಳು. ಉಳಿದರ್ಧವನ್ನು ಎತ್ತಿ ಅವನ ತಲೆಯ ಮೇಲಿಟ್ಟಳು. ಬುಟ್ಟಿಯ ಕೆಳಗೆ ಹಾಲೇಶ ಅಳುತ್ತಿದ್ದ. ಅವನು ನಿಧಾನವಾಗಿ ಮೆಟ್ಟಿಲು ಹತ್ತಿ ಹೋದ, ಅವಳು ಮುಂದಿನ ಬುಟ್ಟಿಗೆ ಕೈ ಹಾಕಿದಳು.